ಹಳೆಯ ಸಣ್ಣ ಕೇಸು ಇದ್ದವರು ಶಾಲೆಯ ಕೆಲಸಕ್ಕೆ ಸೇರಬಹುದೇ? ಪರಿಶೀಲನಾ ಫಾರಂನಲ್ಲಿ ಏನು ಬರೆಯಬೇಕು?

ಬಿಳಿಹಾಳೆ (ಪ್ರಶ್ನೆ)

ಬಿ.ಎಡ್. ಮುಗಿಸಿದ 27 ವರ್ಷದ ಅಭ್ಯರ್ಥಿಯೊಬ್ಬರ ವಿಚಾರ. 2018ರಲ್ಲಿ ಜಾತ್ರೆಯ ಹೊತ್ತಿನ ಜಗಳದಲ್ಲಿ ನಾಲ್ವರ ಮೇಲೆ ಎಫ್‌ಐಆರ್ ಆಗಿತ್ತು. ಐಪಿಸಿ 341 (ಅಡ್ಡಗಟ್ಟುವುದು), 323 (ಹೊಡೆಯುವುದು), 504 (ಬೈದು ಕೆಣಕುವುದು), 506 (ಬೆದರಿಕೆ), ಜೊತೆಗೆ 34 (ಒಟ್ಟಾಗಿ ಮಾಡಿದ್ದು). ಇವರು ಮೂರನೇ ಆರೋಪಿ. ಠಾಣೆಗೆ ಕರೆಸಿ, ಜಾಮೀನು ಬರೆಸಿಕೊಂಡು ಅದೇ ದಿನ ಕಳಿಸಿದರು. ಚಾರ್ಜ್‌ಶೀಟ್ ಆಯಿತು. ಮರುವರ್ಷ ಲೋಕ ಅದಾಲತ್‌ನಲ್ಲಿ ಕೇಸು ಮುಗಿಯಿತು. ರಾಜಿಯಾಗಿ ಮುಗಿಯಿತೋ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ದೋ ಎಂಬುದು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ಕಾಗದ ಒಂದೂ ಕೈಯಲ್ಲಿಲ್ಲ.

ಈಗ ಖಾಸಗಿ ಶಾಲೆಯೊಂದರಲ್ಲಿ ಸಂದರ್ಶನ ಆಗಿದೆ. ಕೇಂದ್ರೀಯ ವಿದ್ಯಾಲಯ, ಸರ್ಕಾರಿ ಶಿಕ್ಷಕರ ನೇಮಕಾತಿ ಎರಡಕ್ಕೂ ಅರ್ಜಿ ಹಾಕುವ ಯೋಚನೆಯಿದೆ. ಕೇಳಬೇಕಾದ್ದು ಮೂರು. ಇಂಥ ಕೇಸಿನಿಂದ ಮಕ್ಕಳ ಜೊತೆಗಿನ ಕೆಲಸಕ್ಕೆ ಅಡ್ಡಿಯಾಗುತ್ತದೆಯೇ? ‘ಮುಗಿದುಹೋದ ಕೇಸು, ಇಲ್ಲ ಅಂತ ಬರೆದುಬಿಡು’ ಎಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ಪೊಲೀಸ್ ಪರಿಶೀಲನೆಯಲ್ಲಿ ಏನೇನು ಹೊರಬರುತ್ತದೆ?

ಕಟಕಟೆ

ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ‘ಇಲ್ಲ’ ಎಂದು ಬರೆಯಬೇಡಿ. ಇಂಥ ಕೇಸಿನಿಂದ ಕೆಲಸ ಹೋಗುವುದು ಅಪರೂಪ. ಕೇಸು ಮುಚ್ಚಿಟ್ಟದ್ದಕ್ಕೆ ಕೆಲಸ ಹೋದವರು ಬಹಳ ಮಂದಿ.

ಇದಕ್ಕೆ ಶಿಕ್ಷಕರದೇ ಉದಾಹರಣೆಯಿದೆ. 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಕೇಂದ್ರೀಯ ವಿದ್ಯಾಲಯ ಸಂಘಟನೆಯ ಪ್ರಕರಣದಲ್ಲಿ ಕೆಲಸ ಕಳೆದುಕೊಂಡವರು ದೈಹಿಕ ಶಿಕ್ಷಣ ಶಿಕ್ಷಕರು. ಅವರ ಮೇಲಿದ್ದ ಕಲಂಗಳೂ ನೀವು ಹೇಳಿದವುಗಳ ಜಾತಿಯವೇ: 323, 341, 294, 506. ಫಾರಂನಲ್ಲಿ ‘ಮೊಕದ್ದಮೆ ನಡೆದಿದೆಯೇ, ಬಾಕಿ ಇದೆಯೇ’ ಎಂಬಲ್ಲಿ ‘ಇಲ್ಲ’ ಎಂದು ಬರೆದಿದ್ದರು. ಆಮೇಲೆ ಸರ್ಕಾರವೇ ಆ ಕೇಸನ್ನು ಹಿಂತೆಗೆದುಕೊಂಡಿತು. ಇಂಗ್ಲಿಷ್ ಫಾರಂ ಅರ್ಥವಾಗಲಿಲ್ಲ ಎಂಬ ವಾದವನ್ನೂ ಮಂಡಿಸಿದರು. ಎರಡೂ ನಡೆಯಲಿಲ್ಲ, ವಜಾ ಆದೇಶ ಊರ್ಜಿತವಾಯಿತು. ಮಕ್ಕಳಿಗೆ ಪಾಠ ಹೇಳುವವರ ನಡತೆ ತಿಳಿಯುವುದಕ್ಕೇ ಆ ಪ್ರಶ್ನೆ ಇರುವುದು, ಅಲ್ಲಿ ಸುಳ್ಳು ಬರೆದದ್ದೇ ನಡತೆಯ ವಿಷಯ ಎಂದಿತು ನ್ಯಾಯಾಲಯ.

ಈಗ ಎಲ್ಲ ಕಡೆ ಉಲ್ಲೇಖವಾಗುವುದು ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು. ಮೂವರು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು. ಅದು ಸ್ವಲ್ಪ ಮೆದು. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವಾದರೆ, ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ತನ್ನ ವಿವೇಚನೆಯಂತೆ ಮನ್ನಿಸಬಹುದು ಎನ್ನುತ್ತದೆ. ‘ಮನ್ನಿಸಬಹುದು’ ಎಂಬುದಷ್ಟೇ, ಮನ್ನಿಸಲೇಬೇಕೆಂದಿಲ್ಲ. ಅದೇ ತೀರ್ಪಿನ ಇನ್ನೊಂದು ಮಾತನ್ನೂ ಗಮನದಲ್ಲಿಡಿ: ನಿಜ ಬರೆದರೂ ಪೂರ್ವಾಪರ ನೋಡುವ ಹಕ್ಕು ಉದ್ಯೋಗದಾತರಿಗೆ ಇದ್ದೇ ಇದೆ, ನೇಮಕ ಮಾಡಿಕೊಳ್ಳಲೇಬೇಕೆಂದು ಬಲವಂತ ಮಾಡುವಂತಿಲ್ಲ. ಆದರೂ ನಿಜ ಬರೆದವರ ವಿಚಾರದಲ್ಲಿ ಅವರು ನೋಡಬೇಕಾದ್ದು ಕೇಸಿನ ತೂಕ ಮಾತ್ರ. ಸುಳ್ಳು ಬರೆದವರು ಎರಡು ತೂಕ ಹೊರಬೇಕು.

ಇನ್ನು ನಿಮ್ಮ ನಿಜವಾದ ಸಮಸ್ಯೆಗೆ ಬರೋಣ. ‘ಲೋಕ ಅದಾಲತ್‌ನಲ್ಲಿ ಮುಗಿಯಿತು’ ಎಂಬ ಮಾತಿಗೆ ಕಾನೂನಿನಲ್ಲಿ ಎರಡು ವಿರುದ್ಧ ಅರ್ಥಗಳಿವೆ.

ದೂರುದಾರರು ಬಂದು ರಾಜಿ ಅರ್ಜಿಗೆ ಸಹಿ ಹಾಕಿದ್ದರೆ ಅದು ಆಗಿನ ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ 320ರ ರಾಜಿ. ಅದರ 8ನೇ ಉಪಕಲಂ ಪ್ರಕಾರ ರಾಜಿಗೆ ಖುಲಾಸೆಯ ಪರಿಣಾಮವಿದೆ. ಅಂದರೆ ಶಿಕ್ಷೆ ಆಗಿಲ್ಲ. ನೀವು ಹೇಳಿದ 341, 323, 504, 506 ನಾಲ್ಕೂ ರಾಜಿಯಾಗಬಲ್ಲ ಕಲಂಗಳೇ, 34 ಸೇರಿದ್ದರಿಂದ ಅಡ್ಡಿಯಿಲ್ಲ.

ಅದಲ್ಲದೆ ‘ಬೇಗ ಮುಗಿಯಲಿ’ ಎಂದು ತಪ್ಪೊಪ್ಪಿಕೊಂಡು ಐನೂರೋ ಸಾವಿರವೋ ದಂಡ ಕಟ್ಟಿ ಬಂದಿದ್ದರೆ ಅದು ಅಪರಾಧ ಸಾಬೀತಾದಂತೆಯೇ. ದಂಡ ಎಷ್ಟು ಚಿಕ್ಕದಾದರೂ ಅದು ಶಿಕ್ಷೆ. ಜೈಲಿಗೆ ಹೋಗಲಿಲ್ಲವಲ್ಲ, ಹಾಗಾಗಿ ಶಿಕ್ಷೆಯಾಗಿಲ್ಲ ಎಂದು ನಂಬಿಕೊಂಡವರು ಎಲ್ಲ ತಾಲ್ಲೂಕು ಕೋರ್ಟಿನ ಅಂಗಳದಲ್ಲೂ ಸಿಗುತ್ತಾರೆ. ಆ ದಿನ ಅವರಿಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಹತ್ತು ನಿಮಿಷ ಹೆಚ್ಚು ಕಾದಿದ್ದರೆ ರಾಜಿಯಲ್ಲೇ ಮುಗಿಯಬಹುದಿದ್ದ ಕೇಸು ಶಿಕ್ಷೆಯ ದಾಖಲೆಯಾಗಿ ಉಳಿಯುತ್ತದೆ.

ಹಾಗಾಗಿ ಯಾರ ನೆನಪನ್ನೂ ನಂಬಬೇಡಿ, ಆದೇಶದ ದೃಢೀಕೃತ ನಕಲು ತೆಗೆಸಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿ ಪಕ್ಷಗಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಿ. ಇಂಗ್ಲಿಷಿನಲ್ಲಿ ಹೆಸರಿನ ಕಾಗುಣಿತ ಬೇರೆ ಇರಬಹುದು. ಮೊದಲ ಆರೋಪಿಯ ಹೆಸರಿನಲ್ಲೂ ಹುಡುಕಿ, ಏಕೆಂದರೆ ‘ಮತ್ತು ಇತರರು’ ಎಂದಷ್ಟೇ ಬರೆದಿರುವ ಕಡೆ ಮೂರನೇ ಆರೋಪಿಯ ಹೆಸರು ಸಿಗದಿರಬಹುದು. ಎಫ್‌ಐಆರ್ ಸಂಖ್ಯೆ ಗೊತ್ತಿದ್ದರೆ ಠಾಣೆಯ ಹೆಸರು ಹಾಕಿ ಹುಡುಕುವ ದಾರಿಯೂ ಇದೆ. ಸಿಕ್ಕ ಮೇಲೆ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ), ಸಿ.ಸಿ. ಸಂಖ್ಯೆ (ಆ ಕೋರ್ಟಿನ ಕ್ರಿಮಿನಲ್ ಕೇಸು ಸಂಖ್ಯೆ) ಎರಡನ್ನೂ ಬರೆದುಕೊಂಡು ಆ ನ್ಯಾಯಾಲಯದ ನಕಲು ವಿಭಾಗದಲ್ಲಿ ಅರ್ಜಿ ಕೊಡಿ. ಅಂತಿಮ ಆದೇಶ ಮಾತ್ರ ಸಾಲದು. ಎಫ್‌ಐಆರ್, ಚಾರ್ಜ್‌ಶೀಟ್, ರಾಜಿ ಅರ್ಜಿ, ಆ ದಿನದ ಆರ್ಡರ್ ಶೀಟ್ ಎಲ್ಲವನ್ನೂ ಕೇಳಿ. ಕಡತ ನಾಶವಾಗಿದೆ ಎಂದರೆ ಹಾಗೆಂದು ಲಿಖಿತ ಹಿಂಬರಹ ಪಡೆಯಿರಿ. ಬರಿಗೈಯಲ್ಲಿ ವಾಪಸ್ ಬರಬೇಡಿ.

ಶಾಲಾಕಚೇರಿ

ಪರಿಶೀಲನೆಯನ್ನು ಶಾಲೆಯ ಕಡೆಯಿಂದ ನೋಡಿದರೆ ಹೀಗೆ.

ಪೋಕ್ಸೊ ನಿಯಮಗಳು 2020ರ 3ನೇ ನಿಯಮದ ಪ್ರಕಾರ ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ, ಮಕ್ಕಳನ್ನು ಇರಿಸಿಕೊಳ್ಳುವ ಅಥವಾ ಮಕ್ಕಳ ಜೊತೆ ನಿತ್ಯ ಒಡನಾಟವಿರುವ ಯಾವುದೇ ಸಂಸ್ಥೆಯೂ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಮತ್ತು ಹಿನ್ನೆಲೆ ಪರಿಶೀಲನೆ ಮಾಡಿಸಲೇಬೇಕು. ಬೋಧಕರು, ಬೋಧಕೇತರರು, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲ. ಒಮ್ಮೆ ಮಾಡಿಸಿ ಬಿಡುವುದಲ್ಲ, ನಿಯತಕಾಲಿಕವಾಗಿ ಮಾಡಿಸಬೇಕು. ಈ ಕೊನೆಯ ಮಾತನ್ನು ಅಭ್ಯರ್ಥಿಗಳು ಮರೆಯುತ್ತಾರೆ. ಸೇರುವಾಗ ಗೊತ್ತಾಗದ ಕೇಸು ಎರಡು ಮೂರು ವರ್ಷ ಕಳೆದು ಮುಂದಿನ ಸುತ್ತಿನಲ್ಲಿ ಎದುರಾಗುತ್ತದೆ. ಅಷ್ಟರಲ್ಲಿ ತರಗತಿ, ಪೋಷಕರ ವಿಶ್ವಾಸ, ಸಂಬಳದ ಮೇಲೆ ತೆಗೆದ ಸಾಲ ಎಲ್ಲವೂ ಇರುತ್ತವೆ.

ಗಮನಿಸಿ, ಆ ನಿಯಮ ‘ಕೇಸು ಇದ್ದವರನ್ನು ತೆಗೆದುಕೊಳ್ಳಬೇಡಿ’ ಎಂದು ಹೇಳುವುದಿಲ್ಲ. ಪರಿಶೀಲಿಸಿ ಎನ್ನುತ್ತದೆ, ಬಂದ ವರದಿಯ ಮೇಲೆ ತೀರ್ಮಾನ ಆಡಳಿತ ಮಂಡಳಿಯದು. ಇಲ್ಲಿ ಶಾಲೆಗಳು ಎರಡು ಬಗೆಯ ತಪ್ಪು ಮಾಡುತ್ತವೆ. ಕೆಲವು ಶಾಲೆಗಳು ವರದಿಯಲ್ಲಿ ಏನಾದರೂ ಒಂದು ಸಾಲು ಕಂಡರೆ ಓದದೆ ತಳ್ಳಿಹಾಕುತ್ತವೆ. ಇನ್ನು ಕೆಲವು ‘323 ತಾನೇ, ಸಣ್ಣದು’ ಎಂದು ಓದದೆ ಒಪ್ಪಿಕೊಳ್ಳುತ್ತವೆ. ಎರಡನೆಯದು ಹೆಚ್ಚು ಅಪಾಯದ್ದು. ಮಕ್ಕಳ ಕೆಲಸದ ಮಟ್ಟಿಗೆ ಸಣ್ಣದು ದೊಡ್ಡದು ಎಂಬುದನ್ನು ಕಲಂ ಸಂಖ್ಯೆಯಿಂದ ಅಳೆಯಲಾಗದು. ಜಾತ್ರೆಯಲ್ಲಿ ಸಮವಯಸ್ಕರ ನಡುವೆ ನೂಕಾಟವಾದರೂ 323, ಟ್ಯೂಷನ್ನಿಗೆ ಬಂದ ಮಗುವಿನ ಕೆನ್ನೆಗೆ ಹೊಡೆದರೂ 323. ಎರಡಕ್ಕೂ ಇರುವ ಗರಿಷ್ಠ ಶಿಕ್ಷೆ ಒಂದೇ, ಒಂದು ವರ್ಷ. ಮೊದಲನೆಯವರನ್ನು ತರಗತಿಗೆ ಕಳಿಸಲು ಹಿಂಜರಿಯಬೇಕಿಲ್ಲ. ಎರಡನೆಯವರ ವಿಚಾರದಲ್ಲಿ, ಖುಲಾಸೆಯಾಗಿದ್ದರೂ, ದೂರಿನ ಪ್ರತಿ ಪೂರ್ತಿ ಓದದೆ ತೀರ್ಮಾನಿಸಬಾರದು. ಬಾಲನ್ಯಾಯ ಕಾಯ್ದೆಯ 75ನೇ ಕಲಂ (ಮಕ್ಕಳ ಮೇಲಿನ ಕ್ರೌರ್ಯ), ಪೋಕ್ಸೊ, ಐಪಿಸಿ 354, 509 (ಮಹಿಳೆಯ ಮಾನಕ್ಕೆ ಕುಂದು ತರುವ ಕೃತ್ಯ, ಮಾತು), ಮಾದಕವಸ್ತು ಮಾರಾಟ, ಇವು ಎಷ್ಟೇ ಹಳೆಯದಾದರೂ ಶಾಲೆ ಹಿಂದೆ ಸರಿಯುತ್ತದೆ, ಸರಿಯಲೂ ಬೇಕು.

ಹಾಗಾಗಿ ಅಭ್ಯರ್ಥಿ ಎಫ್‌ಐಆರ್ ಪ್ರತಿಯನ್ನೂ ಕೊಡುವುದು ಒಳ್ಳೆಯದು. ಅದರಲ್ಲಿ ದೂರುದಾರರ ವಯಸ್ಸು, ಜಾಗ, ಹೊತ್ತು, ಯಾರು ಏನು ಮಾಡಿದರು ಎಂಬುದು ಇರುತ್ತದೆ. ‘ಮಗು, ಹೆಣ್ಣುಮಗಳು, ವಿದ್ಯಾರ್ಥಿ ಇದರಲ್ಲಿ ಯಾರೂ ಇಲ್ಲ’ ಎಂಬುದನ್ನು ಮುಖ್ಯೋಪಾಧ್ಯಾಯರು ಕಣ್ಣಾರೆ ಓದಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಪೊಲೀಸ್ ಪರಿಶೀಲನಾ ಪ್ರಮಾಣಪತ್ರಕ್ಕೆ ಸೇವಾ ಸಿಂಧು ಮೂಲಕ ಅರ್ಜಿ ಹಾಕಬೇಕು. ಕೆಲಸದ ಉದ್ದೇಶ ಎಂದು ಆರಿಸಿ. ಪಾಸ್‌ಪೋರ್ಟ್ ಕಚೇರಿಯ ಪಿಸಿಸಿ ವಿದೇಶಕ್ಕೆ ಹೋಗುವವರಿಗೆ, ಅದು ಬೇರೆ. ಅರ್ಜಿ ವಿಳಾಸದ ವ್ಯಾಪ್ತಿಯ ಠಾಣೆಗೆ ಹೋಗುತ್ತದೆ. ಅಲ್ಲಿಂದ ಒಬ್ಬರು ಮನೆಗೆ ಬಂದು ವಿಳಾಸ ನೋಡಬಹುದು ಅಥವಾ ಠಾಣೆಗೆ ಕರೆಯಬಹುದು. ಓದಿಗೋ ಕೆಲಸಕ್ಕೋ ಬೇರೆ ಊರಿನಲ್ಲಿ ಇದ್ದಿದ್ದರೆ ಆ ವಿಳಾಸವನ್ನೂ ಅವಧಿಯನ್ನೂ ಬರೆಯಿರಿ. ವಿಳಾಸ ಬಿಟ್ಟರೆ ಆ ಊರಿನ ಕೇಸು ಕಾಣುವುದಿಲ್ಲ ಎಂಬ ಲೆಕ್ಕಾಚಾರ ತಪ್ಪು. ಎಫ್‌ಐಆರ್‌ಗಳು ಈಗ ಗಣಕದಲ್ಲಿವೆ.

ಸಾಮಾನ್ಯವಾಗಿ ಎಡವಟ್ಟಾಗುವುದು ಇಲ್ಲಿ: ಕೇಸು ಕೋರ್ಟಿನಲ್ಲಿ ಮುಗಿದಿರುತ್ತದೆ, ಠಾಣೆಯ ದಾಖಲೆಯಲ್ಲಿ ಮಾತ್ರ ‘ವಿಚಾರಣೆಯಲ್ಲಿದೆ’ ಎಂದೇ ಇರುತ್ತದೆ. ಕೋರ್ಟಿನ ಫಲಿತಾಂಶ ಠಾಣೆಯ ಪುಸ್ತಕಕ್ಕೆ ಏರಿರುವುದಿಲ್ಲ. ವರದಿ ‘ಪ್ರಕರಣ ಬಾಕಿ’ ಎಂದು ಬರುತ್ತದೆ, ಅಭ್ಯರ್ಥಿ ‘ಮುಗಿದಿದೆ’ ಎಂದು ಬರೆದಿರುತ್ತಾರೆ, ಶಾಲೆಯ ಕಣ್ಣಿಗೆ ಅಭ್ಯರ್ಥಿಯೇ ಸುಳ್ಳುಗಾರ. ಆದ್ದರಿಂದ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಮೊದಲೇ ಆದೇಶದ ನಕಲನ್ನು ಕೇಸು ದಾಖಲಾದ ಠಾಣೆಗೆ ಒಯ್ದು, ‘ಈ ಮೊಕದ್ದಮೆಯ ಅಂತಿಮ ಫಲಿತಾಂಶವನ್ನು ದಾಖಲೆಯಲ್ಲಿ ನಮೂದಿಸಿ’ ಎಂದು ಬರೆದ ಅರ್ಜಿ ಕೊಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.

ಬಿಳಿಹಾಳೆ

ಇಬ್ಬರಿಗೂ ಧನ್ಯವಾದ. ನಕಲು ಸಿಕ್ಕಿತು. ಆರ್ಡರ್ ಶೀಟಿನ ಕೊನೆಯ ಪುಟದಲ್ಲಿ ದೂರುದಾರರು ಮತ್ತು ಆರೋಪಿಗಳು ಹಾಜರು, ರಾಜಿ ಅರ್ಜಿ ಸಲ್ಲಿಕೆ, ಸ್ವಇಚ್ಛೆಯ ರಾಜಿ ಎಂದು ಮನವರಿಕೆಯಾಗಿದೆ, 320(8)ರಂತೆ ಆರೋಪಿ 1ರಿಂದ 4 ಖುಲಾಸೆ, ಜಾಮೀನು ಮುಚ್ಚಳಿಕೆ ರದ್ದು ಎಂದಿದೆ. ದಂಡದ ಮಾತಿಲ್ಲ. ಮನೆಯವರು ‘ದಂಡ’ ಎನ್ನುತ್ತಿದ್ದುದು ವಕೀಲರ ಫೀಸನ್ನು ಇರಬೇಕು.

ಇನ್ನೆರಡು ವಿಷಯ. ಕೇಂದ್ರೀಯ ವಿದ್ಯಾಲಯದ ಫಾರಂನಲ್ಲಿ ‘ಬಂಧನವಾಗಿತ್ತೇ’ ಎಂಬ ಪ್ರಶ್ನೆಯಿದೆ. ಠಾಣೆಯಲ್ಲಿ ಎರಡು ತಾಸು ಕೂರಿಸಿ ಕಳಿಸಿದ್ದು ಬಂಧನವೇ? ಹಾಗೆಯೇ, ಇದೇ ಜಗಳದ ಸಮಯದಲ್ಲಿ ತಹಶೀಲ್ದಾರರ ಮುಂದೆ ‘ಶಾಂತಿ ಕಾಪಾಡುತ್ತೇವೆ’ ಎಂದು ಬರೆದುಕೊಟ್ಟಿದ್ದರಂತೆ. ಅದನ್ನೂ ಹೇಳಬೇಕೇ?

ಕಟಕಟೆ

ಆದೇಶ ನಿಚ್ಚಳವಾಗಿದೆ. ಒಂದು ವೇಳೆ 324 (ಆಯುಧದಿಂದ ಗಾಯ), 143 (ಅಕ್ರಮ ಕೂಟ), 147 (ಗಲಭೆ) ಸೇರಿದ್ದರೆ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ, ಅವು ರಾಜಿಯಾಗುವ ಕಲಂಗಳಲ್ಲ. ಅಂಥ ಕೇಸುಗಳಲ್ಲಿ ಹಳ್ಳಿಯಲ್ಲಿ ರಾಜಿಯಾದ ಮೇಲೆ ಸಾಕ್ಷಿಗಳು ಕೋರ್ಟಿನಲ್ಲಿ ‘ಏನೂ ನೋಡಿಲ್ಲ’ ಎನ್ನುತ್ತಾರೆ, ಪ್ರತಿಕೂಲ ಸಾಕ್ಷಿಯೆಂದು ಪರಿಗಣಿಸಿ ಖುಲಾಸೆಯಾಗುತ್ತದೆ. ಆರೋಪ ಗಂಭೀರವಾಗಿದ್ದು ಹೀಗೆ ತಾಂತ್ರಿಕ ಕಾರಣಕ್ಕೋ ಸಂಶಯದ ಲಾಭದಿಂದಲೋ ಬಿಡುಗಡೆಯಾಗಿದ್ದರೆ, ಅದನ್ನು ನಿಷ್ಕಳಂಕ ಖುಲಾಸೆ ಎಂದು ಉದ್ಯೋಗದಾತರು ಒಪ್ಪಬೇಕಾಗಿಲ್ಲ ಎಂದು ಅವತಾರ್ ಸಿಂಗ್ ತೀರ್ಪಿನಲ್ಲೇ ಇದೆ. ಅಂಥವರು ರಾಜಿಯ ಆಧಾರದ ಮೇಲೆ ಹೈಕೋರ್ಟಿನಲ್ಲಿ ಇಡೀ ಪ್ರಕರಣವನ್ನು ರದ್ದು ಮಾಡಿಸಿಕೊಳ್ಳುವುದು ಲೇಸು. ಹಿಂದೆ ಸಿಆರ್‌ಪಿಸಿ 482, ಈಗ ಅದರ ಬದಲಿಗೆ ಬಂದ ಹೊಸ ಸಂಹಿತೆ ಬಿಎನ್‌ಎಸ್‌ಎಸ್ 528. ಆದರೆ ಕೇಸು ಇನ್ನೂ ಬಾಕಿ ಇರುವಾಗಲೇ ಮಾಡಿಸಬೇಕು.

ಫಾರಂ ವಿಷಯ. ಕೇಂದ್ರ ಸರ್ಕಾರದ ದೃಢೀಕರಣ ನಮೂನೆ ಒಂದೇ ಪ್ರಶ್ನೆ ಕೇಳುವುದಿಲ್ಲ, ಸಾಲಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಎಂದಾದರೂ ಬಂಧನವಾಗಿತ್ತೇ? ಮೊಕದ್ದಮೆ ನಡೆದಿತ್ತೇ? ವಶದಲ್ಲಿ ಇರಿಸಿಕೊಂಡಿದ್ದರೇ? ಮುಚ್ಚಳಿಕೆ ಬರೆಸಿಕೊಂಡಿದ್ದರೇ? ನ್ಯಾಯಾಲಯ ದಂಡ ವಿಧಿಸಿತ್ತೇ? ಅಪರಾಧಿ ಎಂದು ತೀರ್ಪಾಗಿತ್ತೇ? ಪರೀಕ್ಷೆಯಿಂದ ಡಿಬಾರ್ ಆಗಿದ್ದಿರೇ? ಈ ಫಾರಂ ತುಂಬುವ ಹೊತ್ತಿಗೆ ಯಾವುದಾದರೂ ಕೇಸು ಬಾಕಿ ಇದೆಯೇ? ಖುಲಾಸೆಯಾದವರು ಕೊನೆಯ ಪ್ರಶ್ನೆಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಎಲ್ಲಕ್ಕೂ ‘ಇಲ್ಲ’ ಎಂದು ಗೀಚುತ್ತಾರೆ. ‘ಎಂದಾದರೂ’ ಎಂಬ ಪದವನ್ನು ಓದಿರುವುದಿಲ್ಲ.

ನಿಮ್ಮ ಅಭ್ಯರ್ಥಿಗೆ ‘ಮೊಕದ್ದಮೆ ನಡೆದಿತ್ತೇ’ ಎಂಬುದಕ್ಕೆ ಉತ್ತರ ಹೌದು. ‘ದಂಡ’, ‘ಅಪರಾಧಿ’, ‘ಬಾಕಿ’ ಮೂರಕ್ಕೂ ಇಲ್ಲ.

ಬಂಧನದ ಉತ್ತರ ಚಾರ್ಜ್‌ಶೀಟಿನಲ್ಲಿದೆ. ಪ್ರತಿ ಆರೋಪಿಯ ವಿವರದ ಕೆಳಗೆ ದಸ್ತಗಿರಿ ದಿನಾಂಕ, ಜಾಮೀನಿನ ಮೇಲೆ ಬಿಟ್ಟ ದಿನಾಂಕದ ಅಂಕಣಗಳಿರುತ್ತವೆ. ಅಲ್ಲಿ ದಿನಾಂಕ ತುಂಬಿದ್ದರೆ, ಠಾಣೆಯಲ್ಲಿ ಕೂತದ್ದು ಎರಡೇ ತಾಸಾದರೂ, ಬಂಧನ ‘ಹೌದು’. ಜಾಮೀನು ಕೊಟ್ಟಿದ್ದಾರೆಂದರೆ ಸಾಮಾನ್ಯವಾಗಿ ದಸ್ತಗಿರಿ ತೋರಿಸಿಯೇ ಇರುತ್ತಾರೆ. ಬಂಧಿಸದೆ, ಹಾಜರಾಗಿ ಎಂದು ಬರೀ 41ಎ ನೋಟಿಸ್ ಕೊಟ್ಟು ಕರೆಸಿದ್ದರೆ ಅದು ಬಂಧನವಲ್ಲ.

ತಹಶೀಲ್ದಾರರ ಮುಂದಿನದು ಸಿಆರ್‌ಪಿಸಿ 107ರ ಮುಂಜಾಗ್ರತಾ ಕ್ರಮ ಇರಬೇಕು, ಈಗಿನ ಬಿಎನ್‌ಎಸ್‌ಎಸ್ 126. ತಾಲ್ಲೂಕು ದಂಡಾಧಿಕಾರಿಯಾಗಿ ಅವರು ಮುಚ್ಚಳಿಕೆ ಬರೆಸಿಕೊಂಡಿರುತ್ತಾರೆ. ಅದು ಅಪರಾಧವಲ್ಲ, ಶಿಕ್ಷೆಯಲ್ಲ. ಆದರೆ ಫಾರಂ ಅದನ್ನು ಹೆಸರು ಹಿಡಿದು ಕೇಳುತ್ತಿದೆ. ಆದ್ದರಿಂದ ಹೌದು ಎಂದೇ ಬರೆದು, ಅವಧಿ ಮುಗಿದಿದೆ ಎಂದು ಸೇರಿಸಿ. ಕೇಳದ್ದನ್ನು ಹೇಳಬೇಕಾಗಿಲ್ಲ ಎಂಬುದೂ ಅವತಾರ್ ಸಿಂಗ್ ತೀರ್ಪಿನಲ್ಲಿದೆ, ಫಾರಂನ ಪ್ರಶ್ನೆ ನಿರ್ದಿಷ್ಟವಾಗಿರಬೇಕು. ಖಾಸಗಿ ಶಾಲೆಯ ಫಾರಂ ‘ನಿಮಗೆ ಶಿಕ್ಷೆಯಾಗಿದೆಯೇ’ ಎಂದು ಮಾತ್ರ ಕೇಳಿದ್ದರೆ ‘ಇಲ್ಲ’ ಎಂಬುದೇ ನಿಜವಾದ ಉತ್ತರ. ಆದರೂ ಪೊಲೀಸ್ ವರದಿಯಲ್ಲಿ ಕೇಸು ಬರುವುದು ಖಚಿತವಿದ್ದಾಗ ಮೊದಲೇ ಹೇಳಿಬಿಡುವುದು ಜಾಣತನ.

ಒಕ್ಕಣೆ ಚಿಕ್ಕದಿರಲಿ. ಹೀಗೆ ಬರೆಯಬಹುದು:

‘ಹೌದು. ——— ಠಾಣೆ ಅಪರಾಧ ಸಂಖ್ಯೆ ——/2018, ಐಪಿಸಿ ಕಲಂ 341, 323, 504, 506 ಸಹಕಲಂ 34. ——— ಜೆಎಂಎಫ್‌ಸಿ ನ್ಯಾಯಾಲಯದ ಸಿ.ಸಿ. ಸಂಖ್ಯೆ ——. ನಾನು 3ನೇ ಆರೋಪಿ. ದಿನಾಂಕ ———ರಂದು ದೂರುದಾರರೊಂದಿಗೆ ರಾಜಿಯಾಗಿ ಸಿಆರ್‌ಪಿಸಿ 320(8)ರಂತೆ ಖುಲಾಸೆಯಾಗಿದೆ. ದೃಢೀಕೃತ ನಕಲು ಲಗತ್ತಿಸಿದೆ. ಬೇರೆ ಪ್ರಕರಣ ಇಲ್ಲ.’

‘ಸುಳ್ಳು ಕೇಸು’, ‘ರಾಜಕೀಯ ದ್ವೇಷ’, ‘ನನ್ನದೇನೂ ತಪ್ಪಿಲ್ಲ’ ಇತ್ಯಾದಿ ಬೇಡ. ಓದುವವರಿಗೆ ಬೇಕಾದ್ದು ಸಂಖ್ಯೆ ಮತ್ತು ದಿನಾಂಕ. 2024ರ ಜುಲೈ 1ಕ್ಕಿಂತ ಹಿಂದಿನ ಘಟನೆಯಾದ್ದರಿಂದ ಐಪಿಸಿ ಕಲಂಗಳನ್ನೇ ಬರೆಯಿರಿ, ಐಪಿಸಿ ಬದಲಿಗೆ ಆ ದಿನ ಜಾರಿಗೆ ಬಂದ ಹೊಸ ಸಂಹಿತೆಯ ಸಂಖ್ಯೆಗೆ ಬದಲಿಸಬೇಡಿ. ಸಂಖ್ಯೆ ಬದಲಾದರೆ ಪೊಲೀಸ್ ವರದಿಗೂ ನಿಮ್ಮ ಉತ್ತರಕ್ಕೂ ತಾಳೆಯಾಗದು.

ಹೊಸಹೆಜ್ಜೆ

ಇದಕ್ಕೆ ಹತ್ತಿರದ ಪ್ರಶ್ನೆ. ಘಟನೆ ನಡೆದಾಗ ವಯಸ್ಸು 17 ಆಗಿದ್ದು, ಸೈಕಲ್ ಕಳವಿನ ಕೇಸು ಬಾಲನ್ಯಾಯ ಮಂಡಳಿಯಲ್ಲಿ ಮುಗಿದಿದ್ದರೆ? ಈಗ ಮಕ್ಕಳ ಕ್ರೀಡಾ ತರಬೇತುದಾರರ ಕೆಲಸ.

ಬಾಲನ್ಯಾಯ

ಅದರ ಲೆಕ್ಕವೇ ಬೇರೆ, ದಯವಿಟ್ಟು ಮೇಲಿನ ಚರ್ಚೆಯ ಜೊತೆ ಬೆರೆಸಬೇಡಿ.

18 ತುಂಬದವರ ಕೃತ್ಯಕ್ಕೆ ಬಾಲನ್ಯಾಯ ಕಾಯ್ದೆ 2015 ಅನ್ವಯ. ಅದರ 24ನೇ ಕಲಂ ಪ್ರಕಾರ, ಆ ಕಾಯ್ದೆಯಡಿ ಪ್ರಕರಣ ಮುಗಿದ ಮಗುವಿಗೆ ಅದರಿಂದ ಯಾವ ಅನರ್ಹತೆಯೂ ತಟ್ಟಬಾರದು. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆ ನಾಶಪಡಿಸಬೇಕು. 2016ರ ಮಾದರಿ ನಿಯಮಗಳು ಇದಕ್ಕೆ 7 ವರ್ಷದ ಗರಿಷ್ಠ ಮಿತಿ ಹಾಕಿವೆ. 74ನೇ ಕಲಂನ 2ನೇ ಉಪಕಲಂ ಇನ್ನೂ ನೇರ: ಮುಗಿದ ಪ್ರಕರಣದಲ್ಲಿ ನಡತೆ ಪ್ರಮಾಣಪತ್ರಕ್ಕಾಗಲಿ ಬೇರೆ ಕಾರಣಕ್ಕಾಗಲಿ ಪೊಲೀಸರು ಮಗುವಿನ ದಾಖಲೆಯನ್ನು ಬಹಿರಂಗಪಡಿಸುವಂತಿಲ್ಲ. 16ರಿಂದ 18ರ ನಡುವಿನವರು ಘೋರ ಅಪರಾಧದಲ್ಲಿ ವಯಸ್ಕರಂತೆ ವಿಚಾರಣೆಗೊಳಗಾಗಿ ತಪ್ಪಿತಸ್ಥರಾದರೆ ಮಾತ್ರ ಈ ರಕ್ಷಣೆಯಿಲ್ಲ. ಸೈಕಲ್ ಕಳವು ಅದರ ಹತ್ತಿರಕ್ಕೂ ಬರುವುದಿಲ್ಲ. ಹದಿಹರೆಯದ ಕೇಸಿನ ಕಾರಣಕ್ಕೆ ನೇಮಕಾತಿ ತಡೆಯುವಂತಿಲ್ಲ, ಆರೋಪ ನಿಜವೆಂದೇ ಸಾಬೀತಾಗಿದ್ದರೂ ಕಳಂಕ ಉಳಿಯಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.

ಎಡವುವುದು ಎರಡು ಕಡೆ. ಒಂದು, ಪೊಲೀಸರು ವಯಸ್ಸು ತಪ್ಪಾಗಿ 19 ಎಂದು ಬರೆದು ಕೇಸು ಸಾಮಾನ್ಯ ನ್ಯಾಯಾಲಯದಲ್ಲೇ ನಡೆದುಬಿಟ್ಟಿರುತ್ತದೆ. ಆಗ ಕಾಯ್ದೆಯ 9ನೇ ಕಲಂ ಅಡಿ ಯಾವ ಹಂತದಲ್ಲಾದರೂ, ತೀರ್ಪಾದ ಮೇಲೂ, ‘ಆಗ ನನಗೆ 18 ತುಂಬಿರಲಿಲ್ಲ’ ಎಂದು ಅರ್ಜಿ ಹಾಕಬಹುದು. ಪುರಾವೆಯಾಗಿ ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ. ಎರಡು, ದಾಖಲೆ ನಾಶವಾಗಬೇಕಿದ್ದರೂ ಠಾಣೆಯಲ್ಲಿ ಉಳಿದುಕೊಂಡು ವರದಿಗೆ ಬಂದುಬಿಡುತ್ತದೆ. ಬಂದರೆ 24 ಮತ್ತು 74(2)ನೇ ಕಲಂಗಳನ್ನು ಉಲ್ಲೇಖಿಸಿ ಎಸ್‌ಪಿ ಅಥವಾ ಪೊಲೀಸ್ ಆಯುಕ್ತರಿಗೆ ಮನವಿ ಕೊಡಿ, ಮಂಡಳಿಯ ಆದೇಶ ಲಗತ್ತಿಸಿ, ಪರಿಷ್ಕೃತ ವರದಿ ಕೇಳಿ.

ಸರ್ಕಾರಿ ಫಾರಂನ ‘ಎಂದಾದರೂ ಮೊಕದ್ದಮೆ’ ಪ್ರಶ್ನೆಗೆ ಬಾಲನ್ಯಾಯ ಪ್ರಕರಣದವರು ಒಬ್ಬ ವಕೀಲರಿಂದ ಲಿಖಿತ ಸಲಹೆ ಪಡೆದೇ ಉತ್ತರಿಸಲಿ. ಆ ಫಾರಂಗಳು ವಯಸ್ಕರನ್ನು ಮನಸ್ಸಿನಲ್ಲಿಟ್ಟು ಬರೆದವು.

ಶಾಲಾಕಚೇರಿ

ವಾಹನ ಚಾಲಕರು, ಆಯಾಗಳ ವಿಷಯ ಯಾರೂ ಎತ್ತಲಿಲ್ಲ, ಅವರಿಗೂ ಇದೇ ಪರಿಶೀಲನೆ. ಚಾಲಕರಲ್ಲಿ ಗೊಂದಲವಾಗುವುದು ಸಂಚಾರ ದಂಡದ ಬಗ್ಗೆ. ಹೆಲ್ಮೆಟ್, ಸಿಗ್ನಲ್ ಮುಂತಾದ ಸ್ಥಳದಲ್ಲೇ ಕಟ್ಟುವ ದಂಡ ಇಲಾಖೆಯೊಂದಿಗೆ ರಾಜಿ ಮಾಡಿಕೊಂಡಂತೆ, ಅದು ನ್ಯಾಯಾಲಯ ವಿಧಿಸಿದ ದಂಡವಲ್ಲ. ಕುಡಿದು ಓಡಿಸಿದ ಕೇಸು, ಅಂದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ, ಹಾಗಲ್ಲ. ಅದನ್ನು ಕೋರ್ಟಿನಲ್ಲೇ ಕಟ್ಟಬೇಕು, ಅದು ಶಿಕ್ಷೆ. ಮೊದಲ ಬಾರಿಗೆ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ದೆಹಲಿಯ ವಾಹನ ಸಂಚಾರದ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಶಾಲಾ ಬಸ್ಸಿನ ಚಾಲಕರಿಗೆ ಭಾರಿ ವಾಹನದಲ್ಲಿ 5 ವರ್ಷದ ಅನುಭವ ಬೇಕು, ಅತಿವೇಗ ಅಥವಾ ಕುಡಿದು ಚಾಲನೆಗೆ ಒಮ್ಮೆಯೂ ಸಿಕ್ಕಿಬಿದ್ದಿರಬಾರದು. ಶಿಕ್ಷಕರ ಫೈಲಿನಲ್ಲಿ 185 ಮುಜುಗರದ ವಿಷಯವಾಗಬಹುದು, ಚಾಲಕರ ಫೈಲಿನಲ್ಲಿ ಅದು ನೇರ ತಿರಸ್ಕಾರ. ಒಂದೇ ಕೇಸಿಗೆ ಹುದ್ದೆಯ ಮೇಲೆ ಬೇರೆ ತೂಕ ಬರುವುದು ಹೀಗೆ.

ಕಟಕಟೆ ಅವರೇ, ಶಿಕ್ಷೆಯಾಗಿ, ನ್ಯಾಯಾಧೀಶರು ‘ಒಳ್ಳೆಯ ನಡತೆ’ಯ ಮೇಲೆ ಬಿಟ್ಟವರ ಬಗ್ಗೆಯೂ ಬರೆಯಿರಿ. ಆ ಪ್ರಶ್ನೆ ಪದೇಪದೇ ಬರುತ್ತದೆ.

ಕಟಕಟೆ

ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ 1958. ಅದರ 3ನೇ ಕಲಂ ಅಡಿ ಎಚ್ಚರಿಕೆ ಕೊಟ್ಟೋ, 4ನೇ ಕಲಂ ಅಡಿ ಸನ್ನಡತೆಯ ಮುಚ್ಚಳಿಕೆ ಪಡೆದೋ ಬಿಟ್ಟಿದ್ದರೆ, ಶಿಕ್ಷೆಯಿಂದ ಹುಟ್ಟುವ ಅನರ್ಹತೆ ಅವರಿಗೆ ಅಂಟುವುದಿಲ್ಲ ಎನ್ನುತ್ತದೆ 12ನೇ ಕಲಂ. ಆದರೆ ತಪ್ಪಿತಸ್ಥರೆಂಬ ತೀರ್ಪು ಅಳಿಸಿಹೋಗುವುದಿಲ್ಲ, ನಡತೆಯನ್ನು ತೂಗುವ ಅಧಿಕಾರ ಉದ್ಯೋಗದಾತರಿಗೆ ಉಳಿಯುತ್ತದೆ ಎಂದು ನ್ಯಾಯಾಲಯಗಳು ಹೇಳಿವೆ. ಫಾರಂನಲ್ಲಿ ‘ಹೌದು’ ಬರೆದು 12ನೇ ಕಲಂ ಉಲ್ಲೇಖಿಸುವುದು ಸರಿಯಾದ ದಾರಿ. ವಯಸ್ಕರ ದಾಖಲೆಯನ್ನು ಇಷ್ಟು ವರ್ಷದ ಮೇಲೆ ತಾನಾಗಿ ಅಳಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ‘ಏಳು ವರ್ಷ ಆದರೆ ಹೋಗುತ್ತೆ’ ಎಂಬ ಮಾತು ಮೇಲೆ ಹೇಳಿದ ಬಾಲನ್ಯಾಯ ನಿಯಮದಿಂದ ಸೋರಿ ಬಂದದ್ದಿರಬಹುದು, ವಯಸ್ಕರಿಗೆ ಅದು ಅನ್ವಯಿಸದು.

ಈಗಾಗಲೇ ‘ಇಲ್ಲ’ ಎಂದು ಬರೆದು ಕೊಟ್ಟುಬಿಟ್ಟವರು ಓದುತ್ತಿದ್ದರೆ: ಪೊಲೀಸ್ ವರದಿ ಬರುವ ಮೊದಲೇ ತಿದ್ದುಪಡಿ ಪತ್ರ ಕೊಡಿ. ತಾನಾಗಿ ತಿದ್ದಿದವರಿಗೂ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡವರಿಗೂ ಬಹಳ ವ್ಯತ್ಯಾಸವಿದೆ. ಹಾಗೆಯೇ ಫಾರಂ ಕೊಟ್ಟ ಮೇಲೆ ಹೊಸ ಕೇಸು ದಾಖಲಾದರೆ ಅದನ್ನೂ ಕೂಡಲೇ ತಿಳಿಸಬೇಕು, ಆ ಷರತ್ತು ನಮೂನೆಯ ತಲೆಬರಹದ ಎಚ್ಚರಿಕೆಯಲ್ಲೇ ಇದೆ.

ನಿಜ ಬರೆದೂ ನೇಮಕ ನಿರಾಕರಿಸಿದರೆ ಮೊದಲು ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ‘ಪೊಲೀಸ್ ವರದಿ ಪ್ರತಿಕೂಲ’ ಎಂಬ ಒಂದೇ ಸಾಲಿನ ಆದೇಶ, ಕೇಸಿನ ಸ್ವರೂಪ ನೋಡದೆ ಹೊರಡಿಸಿದ್ದರೆ, ಪ್ರಶ್ನಿಸಲು ಒಳ್ಳೆಯ ಆಧಾರ. ರಾಜ್ಯ ಸರ್ಕಾರದ ಹುದ್ದೆಯಾದರೆ ರಾಜ್ಯ ಆಡಳಿತ ನ್ಯಾಯಮಂಡಳಿ, ಕೇಂದ್ರೀಯ ವಿದ್ಯಾಲಯವಾದರೆ ಕೇಂದ್ರ ಆಡಳಿತ ನ್ಯಾಯಮಂಡಳಿ. ಎರಡಕ್ಕೂ ಅಂತಿಮ ಆದೇಶದಿಂದ 1 ವರ್ಷದ ಗಡುವು. ಖಾಸಗಿ ಶಾಲೆ ಸೇರಿಸಿಕೊಳ್ಳದಿದ್ದರೆ ಅಂಥ ದಾರಿಯಿಲ್ಲ, ಇನ್ನೊಂದು ಶಾಲೆ ನೋಡಬೇಕು.

ಬಿಳಿಹಾಳೆ ಅವರೇ, ದೃಢೀಕೃತ ನಕಲಿನ ಮೂಲ ಪ್ರತಿಯನ್ನು ಯಾವ ಶಾಲೆಗೂ ಕೊಟ್ಟುಬಿಡಬೇಡಿ. ಜೆರಾಕ್ಸ್ ಕೊಟ್ಟು ಮೂಲವನ್ನು ತೋರಿಸಿ ವಾಪಸ್ ತನ್ನಿ. ಆ ಕಡತ ಮುಂದೊಂದು ದಿನ ಕೋರ್ಟಿನಲ್ಲಿ ನಾಶವಾದ ಮೇಲೆ, ಖುಲಾಸೆಗೆ ನಿಮ್ಮ ಬಳಿ ಉಳಿಯುವ ಪುರಾವೆ ಅದೊಂದೇ.